ಕೊನೇ ಹಾಳೆ ಯಾರೋ ಕಿತ್ಕೊಂಡವ್ರೆ

(ಗ್ರಂಥಾಲಯ ಸಪ್ತಾಹದ ಸಂದರ್ಭದಲ್ಲಿ ಮಂಡ್ಯದ ಓದುಗರ ಎದುರು ಆಡಿದ ಮಾತುಗಳ ಬರಹ ರೂಪ. ಕೊನೆಯಲ್ಲಿ ನಡೆದ ಪ್ರಶ್ನೋತ್ತರದ ಒಂದಿಷ್ಟನ್ನೂ ಸೇರಿಸಿದೆ.)

ಎಲ್ಲರಿಗೂ ನಮಸ್ಕಾರ.

ಹೊರಗೆ ಬ್ಯಾನರಿನಲ್ಲಿ ನನ್ನ ಹೆಸರಿನ ಕೆಳಗೆ ‘ಖ್ಯಾತ ವಿಮರ್ಶಕರು’ ಎಂದು ಹಾಕಿಸಿದ್ದೀರಿ. ಖ್ಯಾತಿ ನಿಮ್ಮ ಪ್ರೀತಿ, ಇರಲಿ. ಆದರೆ ವಿಮರ್ಶಕ ನಾನಲ್ಲ. ಕಾಲೇಜು ಓದುವಾಗ ಮೈಸೂರಿನ ಒಂದು ಬಾಡಿಗೆ ಪುಸ್ತಕದಂಗಡಿಯಲ್ಲಿ ಸಂಜೆ ಹೊತ್ತು ಲೆಕ್ಕ ಬರೆಯುತ್ತಿದ್ದೆ. ಆಮೇಲೆ ನಿಮ್ಮ ಜಿಲ್ಲೆಯ ಕಾಲೇಜುಗಳಲ್ಲಿ ಕನ್ನಡ ಪಾಠ ಮಾಡಿದೆ. ಹಾಗಾಗಿ ಕತೆ, ಕಾದಂಬರಿ ಓದಿದವರು ಪುಸ್ತಕ ವಾಪಸು ಕೊಡುವಾಗ ಏನಂತಾರೆ ಎನ್ನುವುದನ್ನು ಕೇಳಿಸಿಕೊಂಡೇ ಬದುಕು ಕಳೆದಿದ್ದೇನೆ. ಇವತ್ತು ಹೇಳುವುದೂ ಅಷ್ಟನ್ನೇ.

ನನ್ನ ವಾದ ಚಿಕ್ಕದು, ಮೊದಲೇ ಹೇಳಿಬಿಡುತ್ತೇನೆ. ಒಂದು ಕಾದಂಬರಿ ಚೆನ್ನಾಗಿದೆ, ಚೆನ್ನಾಗಿಲ್ಲ ಎಂದು ಯಾರಾದರೂ ಹೇಳಿದರೆ ನಾನು ಎರಡು ವಿವರ ಕೇಳುತ್ತೇನೆ. ಓದಿದಾಗ ನಿಮಗೆ ವಯಸ್ಸೆಷ್ಟು? ಯಾವ ಜಾಗದಲ್ಲಿ ಹಾಗನ್ನಿಸಿತು? ಈ ಎರಡು ಗೊತ್ತಾದರೆ ಸಾಕು, ಓದಿದವರು ಎಸ್ಸೆಸ್ಸೆಲ್ಸಿ ಫೇಲಾಗಿದ್ದರೂ ಆ ಅಭಿಪ್ರಾಯಕ್ಕೆ ತೂಕ ಬರುತ್ತದೆ. ಗೊತ್ತಾಗದಿದ್ದರೆ, ಹೇಳಿದವರು ಎಷ್ಟೇ ದೊಡ್ಡವರಿರಲಿ, ನನಗೆ ಅದರಿಂದ ಉಪಯೋಗವಿಲ್ಲ.

ಬಾಡಿಗೆ ಪುಸ್ತಕದಂಗಡಿ ಈಗಿನ ಮಕ್ಕಳಿಗೆ ಗೊತ್ತಿರಲಾರದು. ಪುಸ್ತಕದ ಬೆಲೆಯಷ್ಟು ದುಡ್ಡು ಮುಂಗಡ ಕೊಡಬೇಕು, ಆಮೇಲೆ ದಿನಕ್ಕಿಷ್ಟು ಎಂದು ಬಾಡಿಗೆ. ಹೊಸ ಪುಸ್ತಕ ಬಂದ ಕೂಡಲೇ ಮಾಲೀಕರು ಅದರ ಮೇಲುಹೊದಿಕೆ ಕಿತ್ತು, ದಪ್ಪ ರಟ್ಟು ಹಾಕಿಸಿ, ದಾರದಲ್ಲಿ ಹೊಲಿಸಿಬಿಡುತ್ತಿದ್ದರು. ಆರು ತಿಂಗಳು ಕಳೆದ ಮೇಲೆ ಆ ಪುಸ್ತಕವನ್ನು ಮೇಜಿನ ಮೇಲೆ ಬೆನ್ನು ಕೆಳಗಾಗಿ ಇಟ್ಟು ಕೈ ಬಿಟ್ಟರೆ ತಾನಾಗಿ ಒಂದು ಕಡೆ ತೆರೆದುಕೊಳ್ಳುತ್ತಿತ್ತು. ಎಲ್ಲರೂ ಮತ್ತೆ ಮತ್ತೆ ಓದಿದ ಪುಟ ಅದು. ಅಂಚಿನಲ್ಲಿ ಅರಿಶಿನದ ಬೆರಳಚ್ಚು, ಕಾಫಿ ಲೋಟದ ಬಳೆ, ಕೊಬ್ಬರಿ ಎಣ್ಣೆಯ ಕಲೆ. ಓದಿದವರು ಬಾಯಿಬಿಟ್ಟು ಏನೂ ಹೇಳದಿದ್ದರೂ ಯಾವ ಪುಟದಲ್ಲಿ ನಿಂತಿದ್ದರು ಎನ್ನುವುದು ನಮಗೆ ತಿಳಿಯುತ್ತಿತ್ತು.

ಬಾಯಿಬಿಡದವರು ಪೆನ್ಸಿಲ್ ಹಿಡಿಯುತ್ತಿದ್ದರು. ಸಾರ್ವಜನಿಕ ಪುಸ್ತಕದಲ್ಲಿ ಗೀಚುವುದು ತಪ್ಪು, ಇಲ್ಲಿ ಗ್ರಂಥಪಾಲಕರು ಎದುರಿಗೇ ಕೂತಿದ್ದಾರೆ, ನಾನದನ್ನು ಪ್ರೋತ್ಸಾಹಿಸುತ್ತಿಲ್ಲ. ಆದರೆ ಅಂಥ ಗೀಚುಗಳಲ್ಲಿ ನಾನು ಕಂಡಷ್ಟು ನಿಜವಾದ ಓದನ್ನು ಸೆಮಿನಾರುಗಳಲ್ಲಿ ಕಂಡಿಲ್ಲ.

ಪತ್ತೇದಾರಿಯಿಂದ ಶುರುಮಾಡೋಣ. ಎನ್. ನರಸಿಂಹಯ್ಯನವರ ಪತ್ತೇದಾರ ಪುರುಷೋತ್ತಮನ ಹೆಸರು ಕೇಳದ ಹಿರಿಯರು ಈ ಸಭೆಯಲ್ಲಿ ಇರಲಾರರು. ಹೆಚ್ಚು ಶಾಲೆ ಕಲಿಯದ ಆ ಮನುಷ್ಯ ನೂರಾರು ಕಾದಂಬರಿ ಬರೆದರು, ಸಾವಿರಾರು ಜನಕ್ಕೆ ಕನ್ನಡ ಓದುವ ಚಟ ಹತ್ತಿಸಿದರು. ಅಂಗಡಿಯಲ್ಲಿ ಪತ್ತೇದಾರಿ ಪುಸ್ತಕಗಳ ಮೊದಲ ಪುಟವೇ ನಮಗೆ ತಲೆನೋವು. ಯಾರೋ ಪುಣ್ಯಾತ್ಮ ಅಲ್ಲೇ ಬರೆದಿರುತ್ತಿದ್ದ: ‘ಕೊಲೆಗಾರ ಮ್ಯಾನೇಜರ್.’ ಅದರ ಕೆಳಗೆ ಇನ್ನೊಂದು ಕೈಬರಹ: ‘ಸುಳ್ಳು. ಡಾಕ್ಟರ್.’ ಅದರ ಕೆಳಗೆ ಮೂರನೆಯದು: ‘ಇಬ್ಬರೂ ಅಲ್ಲ, ಸುಮ್ನೆ ಓದ್ರಯ್ಯ.’ ಮಾಲೀಕರು ರಬ್ಬರು ಹಿಡಿದು ಅಳಿಸಲು ಕೂರುತ್ತಿದ್ದರು. ಮೂರನೆಯದನ್ನು ಮಾತ್ರ ಬಿಟ್ಟುಬಿಡುತ್ತಿದ್ದರು, ವ್ಯಾಪಾರಕ್ಕೆ ಒಳ್ಳೆಯದು ಎಂದು.

ಈ ಪುಸ್ತಕಗಳನ್ನು ಹುಡುಗರಷ್ಟೇ ಓದುತ್ತಿದ್ದರು ಎಂದುಕೊಳ್ಳಬೇಡಿ. ಕಾಲೇಜು ಅಧ್ಯಾಪಕರೊಬ್ಬರು ವಾರಕ್ಕೆ ಎರಡು ಒಯ್ಯುತ್ತಿದ್ದರು, ಹಳೇ ಪೇಪರಿನಲ್ಲಿ ಸುತ್ತಿಸಿಕೊಂಡು. ಹಾಗೆಯೇ, ತ್ರಿವೇಣಿ, ಎಂ.ಕೆ. ಇಂದಿರಾ, ವಾಣಿ ಇವರ ಕಾದಂಬರಿಗಳನ್ನು ಒಯ್ಯುವ ಗಂಡಸರೆಲ್ಲ ‘ಮನೆಯವರಿಗೆ’ ಎನ್ನುತ್ತಿದ್ದರು. ವಾಪಸು ಕೊಡುವಾಗ ಮಾತ್ರ ‘ಆ ಕೊನೇ ಅಧ್ಯಾಯ ಸ್ವಲ್ಪ ಅವಸರ ಆಯ್ತು ಕಣ್ರೀ’ ಎಂದು ಬಾಯಿ ತಪ್ಪಿ ಬಂದುಬಿಡುತ್ತಿತ್ತು. ಹೆಂಗಸರು ಬರೆದದ್ದನ್ನು ‘ಅಡುಗೆಮನೆ ಸಾಹಿತ್ಯ’ ಎಂದು ಜರೆಯುತ್ತಿದ್ದ ಕಾಲ ಅದು. ಜರೆದವರು ಎಷ್ಟು ಜನ ಕದ್ದು ಓದಿದ್ದರು ಎನ್ನುವ ಲೆಕ್ಕ ನಮ್ಮ ಲೆಡ್ಜರಿನಲ್ಲಿತ್ತು. ಅದನ್ನು ಯಾವ ಸಾಹಿತ್ಯ ಚರಿತ್ರೆಕಾರರೂ ಬಂದು ಕೇಳಲಿಲ್ಲ.

ತ್ರಿವೇಣಿಯವರ ಬಗ್ಗೆ ಮಂಡ್ಯದಲ್ಲಿ ನಿಂತು ಸ್ವಲ್ಪ ಹೆಚ್ಚು ಮಾತಾಡುವ ಹಕ್ಕು ನನಗಿದೆ. ಅವರು ಹುಟ್ಟಿದ್ದು ಇದೇ ಊರಿನಲ್ಲಿ, 1928ರಲ್ಲಿ. ನಿಜ ಹೆಸರು ಅನಸೂಯಾ. ಮೈಸೂರಿನಲ್ಲಿ ಓದಿದರು, ಮನಶ್ಶಾಸ್ತ್ರ ಅವರ ವಿಷಯ. 1963ರಲ್ಲಿ, ಇನ್ನೂ ಮೂವತ್ತೈದು ತುಂಬುವ ಮೊದಲೇ ತೀರಿಕೊಂಡರು. ಅವರ ‘ಶರಪಂಜರ’ ಗೊತ್ತಲ್ಲ, ಕಾವೇರಿಯ ಕತೆ. ಮನಸ್ಸಿನ ಕಾಯಿಲೆಯಿಂದ ವಾಸಿಯಾಗಿ ಆಸ್ಪತ್ರೆಯಿಂದ ಮನೆಗೆ ಬಂದವಳನ್ನು ಗಂಡ, ಆಳುಕಾಳು, ಅಕ್ಕಪಕ್ಕದವರು ಯಾರೂ ವಾಸಿಯಾದವಳು ಎಂದು ನೋಡುವುದೇ ಇಲ್ಲ. ಅವಳು ನಕ್ಕರೂ ಅನುಮಾನ, ಸಿಟ್ಟಾದರೂ ಅನುಮಾನ.

ಅಂಗಡಿಯಲ್ಲಿದ್ದ ಶರಪಂಜರದ ಪ್ರತಿಯಲ್ಲಿ ಒಂದು ಪುಟದ ಅಂಚು ನನಗೆ ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ. ಅದರಲ್ಲಿ ಮೂರು ಬರಹ. ಒಂದು ನೀಲಿ ಶಾಯಿ, ಉರುಟಾದ ಅಕ್ಷರ, ಹೈಸ್ಕೂಲು ಮುಗಿಸಿದ ಹುಡುಗಿಯದು ಇರಬೇಕು: ‘ಗಂಡ ಅಲ್ಲ ಇವನು, ಕಟುಕ!!’ ಎರಡು ಆಶ್ಚರ್ಯಸೂಚಕ. ಅದರ ಪಕ್ಕ ಪೆನ್ಸಿಲ್ಲಿನಲ್ಲಿ: ‘ಅವನೊಬ್ಬನದೇ ತಪ್ಪಾ? ಊರೋರ ಬಾಯಿ ಮುಚ್ಚಿಸೋರು ಯಾರು?’ ಇದು ಸಂಸಾರ ಮಾಡಿದವರ ಕೈ. ತೀರಾ ಕೆಳಗೆ, ಹಾಳೆಯ ತುದಿಯಲ್ಲಿ, ನಡುಗುವ ಕೈಯಲ್ಲಿ ಒಂದು ಸಾಲು: ‘ನಮ್ಮ ಮನೆಯಲ್ಲೂ ಅವಳನ್ನು ಹೀಗೇ ನೋಡಿದೆವು.’

‘ಅವಳು’ ಯಾರೋ, ಬರೆದವರು ಯಾರೋ. ಮಾಲೀಕರು ರಬ್ಬರು ತೆಗೆದುಕೊಂಡರು, ಓದಿದರು, ಅಳಿಸದೆ ಪುಸ್ತಕವನ್ನು ಕಪಾಟಿಗೆ ಸೇರಿಸಿದರು.

ನೋಡಿ, ಒಂದೇ ಪುಟ. ಮೊದಲನೆಯವಳು ಪಾತ್ರಕ್ಕೆ ಬೈದಳು. ಎರಡನೆಯವರು ಸಮಾಜಕ್ಕೆ ಬೈದರು. ಮೂರನೆಯವರು ಯಾರಿಗೂ ಬೈಯಲಿಲ್ಲ. ಇವುಗಳಲ್ಲಿ ಸರಿಯಾದ ಅಭಿಪ್ರಾಯ ಯಾವುದು ಎಂದು ಕೇಳಿದರೆ ನಾನು ಮೂರನೆಯದಕ್ಕೆ ವಾಲುತ್ತೇನೆ, ನಿಜ. ಆದರೆ ಹದಿನೇಳನೇ ವಯಸ್ಸಿನಲ್ಲಿ ಶರಪಂಜರ ಓದಿ ‘ಕಟುಕ’ ಎನ್ನದ ಹುಡುಗಿಯ ಬಗ್ಗೆ ನನಗೆ ಸ್ವಲ್ಪ ಯೋಚನೆಯಾಗುತ್ತದೆ. ಆ ಸಿಟ್ಟು ಆ ವಯಸ್ಸಿಗೆ ಬೇಕು. 1971ರಲ್ಲಿ ಪುಟ್ಟಣ್ಣನವರ ಸಿನಿಮಾ ಬಂದ ಮೇಲಂತೂ ಕಾವೇರಿ ಎಂದರೆ ಕಲ್ಪನಾ ಎಂದಾಯಿತು. ಆಮೇಲೆ ಓದಿದವರು ಕಾದಂಬರಿ ಓದಿದರೋ ಸಿನಿಮಾ ನೆನಪಿಸಿಕೊಂಡರೋ ಹೇಳುವುದು ಕಷ್ಟ.

ಮಕ್ಕಳ ವಿಷಯಕ್ಕೆ ಬರುತ್ತೇನೆ. ನಮ್ಮ ಕಾಲದವರಿಗೆ ಅಭಿಪ್ರಾಯ ಹೇಳುವುದನ್ನು ಕಲಿಸಿದ್ದು ಚಂದಮಾಮದ ಬೇತಾಳ. ಛಲ ಬಿಡದ ತ್ರಿವಿಕ್ರಮ ಹೆಣ ಹೆಗಲಿಗೇರಿಸಿ ಹೊರಡುತ್ತಾನೆ, ಬೇತಾಳ ಕತೆ ಹೇಳುತ್ತದೆ, ಕೊನೆಗೆ ಕೇಳುತ್ತದೆ: ಇವರಲ್ಲಿ ಯಾರು ದೊಡ್ಡವರು, ತಪ್ಪು ಯಾರದು? ಗೊತ್ತಿದ್ದೂ ಹೇಳದಿದ್ದರೆ ತಲೆ ಹೋಳಾಗುತ್ತದೆ. ಎಂಥ ಪರೀಕ್ಷೆ ನೋಡಿ! ‘ಕತೆ ಚೆನ್ನಾಗಿತ್ತು’ ಎಂದು ಜಾರಿಕೊಳ್ಳುವ ಹಾಗಿಲ್ಲ, ಕಾರಣ ಕೊಡಬೇಕು. ನಾವು ಅಣ್ಣತಮ್ಮಂದಿರು ರಾಜನ ಉತ್ತರ ಓದುವ ಮೊದಲು ಪುಸ್ತಕ ಮುಚ್ಚಿಟ್ಟು ಜಗಳಕ್ಕೆ ಬೀಳುತ್ತಿದ್ದೆವು. ಎಷ್ಟೋ ಸಲ ರಾಜನ ಉತ್ತರವೇ ಸರಿಯಿಲ್ಲ ಎಂದು ತೀರ್ಮಾನವಾಗುತ್ತಿತ್ತು. ಮಕ್ಕಳಿಗೆ ಕತೆ ಓದಿಸಿ ‘ಇದರ ನೀತಿ ಏನು?’ ಎಂದು ಕೇಳುವ ಮೇಷ್ಟ್ರುಗಳು ಈ ಬೇತಾಳನ ಹತ್ತಿರ ಪಾಠ ಹೇಳಿಸಿಕೊಳ್ಳಬೇಕು.

ಇನ್ನೊಂದು ಬಗೆಯ ಓದುಗರಿದ್ದರು. ವಾರಪತ್ರಿಕೆ ಧಾರಾವಾಹಿಯವರು. ‘ಸುಧಾ’ ಶುರುವಾದದ್ದು 1965ರಲ್ಲಿ. ಅದೇ ವರ್ಷ ‘ಸಂಸ್ಕಾರ’ ಬಂತು, ‘ವಂಶವೃಕ್ಷ’ ಬಂತು, ಈ ಕಟ್ಟಡದಂಥ ಗ್ರಂಥಾಲಯಗಳಿಗೆ ಬುನಾದಿಯಾದ ಸಾರ್ವಜನಿಕ ಗ್ರಂಥಾಲಯ ಕಾಯ್ದೆಯೂ ಬಂತು. ಕನ್ನಡ ಓದುಗನ ಮಟ್ಟಿಗೆ ಅಂಥ ವರ್ಷ ಇನ್ನೊಂದು ಸಿಗುವುದು ಕಷ್ಟ. ನಮ್ಮ ಅತ್ತೆ, ಸೋದರತ್ತೆ, ಧಾರಾವಾಹಿಯ ಹಾಳೆಗಳನ್ನು ವಾರವಾರವೂ ಕತ್ತರಿಸಿ, ಗೋಣಿ ಸೂಜಿಯಲ್ಲಿ ಹೊಲಿದು, ಕ್ಯಾಲೆಂಡರಿನ ಹಾಳೆಯ ರಟ್ಟು ಹಾಕಿ ಟ್ರಂಕಿನಲ್ಲಿಡುತ್ತಿದ್ದರು. ನಡುವೆ ಒಂದೆರಡು ಕಂತು ಇರುತ್ತಿರಲಿಲ್ಲ, ಆ ವಾರ ಪೇಪರಿನವನು ಹಾಕಿರುವುದಿಲ್ಲ. ಆ ಜಾಗದಲ್ಲಿ ಏನಾಯಿತು ಎಂದು ಕೇಳಿದರೆ ಅತ್ತೆ ತಡವರಿಸದೆ ಹೇಳುತ್ತಿದ್ದರು. ಬಹಳ ವರ್ಷಗಳ ಮೇಲೆ ಒಂದು ಕಾದಂಬರಿ ಇಡಿಯಾಗಿ ನನ್ನ ಕೈಗೆ ಸಿಕ್ಕಿತು. ಅತ್ತೆ ಹೇಳಿದ್ದು ಅದರಲ್ಲಿ ಇರಲೇ ಇಲ್ಲ. ಅತ್ತೆಯದೇ ಚೆನ್ನಾಗಿತ್ತು, ಲೇಖಕಿ ಕ್ಷಮಿಸಬೇಕು.

ಈಗ ‘ಸಂಸ್ಕಾರ’ದ ವಿಷಯ. ಈ ಉಪನ್ಯಾಸಕ್ಕೆ ತಲೆಬರಹ ಸಿಕ್ಕಿದ್ದು ಅಲ್ಲಿಂದ. ಕಾಲೇಜಿನಲ್ಲಿದ್ದಾಗ ಓದು ಅಂದರೆ ಆಸೆಯಿದ್ದ ಒಬ್ಬ ಹುಡುಗನಿಗೆ ಅದನ್ನು ಲೈಬ್ರರಿಯಿಂದ ತೆಗೆಸಿಕೊಟ್ಟೆ. ಪಾಂಡವಪುರದ ಕಡೆಯವನು, ರೈಲಿನಲ್ಲಿ ಬರುತ್ತಿದ್ದ. ಎರಡು ದಿನ ಬಿಟ್ಟು ಬಂದು ಬಹಳ ಬೇಜಾರಿನಲ್ಲಿ ಹೇಳಿದ: ‘ಸಾ, ಕೊನೇ ಹಾಳೆ ಯಾರೋ ಕಿತ್ಕೊಂಡವ್ರೆ.’

ನೋಡಿದೆ. ಹಾಳೆ ಇತ್ತು. ಹೆಣದ ಸಂಸ್ಕಾರದ ಬಗ್ಗೆ ತೀರ್ಮಾನ ಹೇಳಬೇಕಾಗಿದ್ದ ಪ್ರಾಣೇಶಾಚಾರ್ಯರು ಗಾಡಿ ಹತ್ತಿ ಅಗ್ರಹಾರದ ಕಡೆ ಹೊರಟಿದ್ದಾರೆ. ಅಲ್ಲಿ ಹೋಗಿ ಏನು ಹೇಳುತ್ತಾರೆ, ಹೇಳುತ್ತಾರೋ ಇಲ್ಲವೋ, ಪುಸ್ತಕ ಹೇಳುವುದಿಲ್ಲ. ಇಷ್ಟೇ ಕಣಯ್ಯ, ಇಲ್ಲಿಗೇ ಮುಗಿಯಿತು ಎಂದೆ. ಅವನು ನನ್ನ ಮುಖ ನೋಡಿದ. ‘ಹೆಣ ಇಟ್ಕೊಂಡು ಊರೆಲ್ಲ ಉಪ್ವಾಸ ಕೂತಿದ್ದು, ಅಷ್ಟೆಲ್ಲ ಆದ್ಮೇಲೂ ಈವಯ್ಯ ಏನಂದ ಅಂತ ಬರೀದೇ ಬುಟ್ಬುಟ್ರೆ ಹೆಂಗ್ ಸಾ?’

ಈ ಕಾದಂಬರಿಯ ಅಂತ್ಯದ ಬಗ್ಗೆ ಕನ್ನಡದಲ್ಲಿ ಏನೇನು ಬರೆದಿದ್ದಾರೋ ಅದರಲ್ಲಿ ಬಹುಪಾಲನ್ನು ನಾನು ಓದಿದ್ದೇನೆ. ಆ ಹುಡುಗನ ಮಾತು ಅವು ಯಾವುದಕ್ಕೂ ಕಡಿಮೆಯಿಲ್ಲ. ಕೊನೆಯವರೆಗೂ ಉಸಿರು ಬಿಗಿಹಿಡಿದು ಓದದಿದ್ದರೆ ಹಾಳೆ ಕಿತ್ತಿದ್ದಾರೆ ಅನ್ನಿಸುವುದು ಸಾಧ್ಯವೇ ಇಲ್ಲ. ಅರ್ಧಕ್ಕೆ ಬಿಟ್ಟು ‘ಅಸ್ತಿತ್ವವಾದಿ ತಲ್ಲಣ’ ಎಂದು ಉತ್ತರಪತ್ರಿಕೆಯಲ್ಲಿ ಬರೆದವರಿಗೆ ನಾನು ಹತ್ತಕ್ಕೆ ಏಳು ಕೊಟ್ಟಿದ್ದೇನೆ, ಅದು ಬೇರೆ ಮಾತು.

ಭಾಷೆ ಅರ್ಥವಾಗಲಿಲ್ಲ ಎನ್ನುವುದು ಇನ್ನೊಂದು ದೂರು. ದೇವನೂರ ಮಹಾದೇವರ ‘ಕುಸುಮಬಾಲೆ’ ಬಂದದ್ದು 1984ರಲ್ಲಿ. ನಂಜನಗೂಡು ಸೀಮೆಯ ಮಾತು ಇಡೀ ಪುಸ್ತಕದಲ್ಲಿ ಹರಿಯುತ್ತದೆ. ಪುಸ್ತಕದ ಕನ್ನಡ ಕಲಿತವರೆಲ್ಲ ಮೂರನೇ ಪುಟಕ್ಕೆ ಕೈಚೆಲ್ಲಿದರು. ನನ್ನ ಸಹೋದ್ಯೋಗಿಯೊಬ್ಬರು ರಜೆಯಲ್ಲಿ ಊರಿಗೆ ಹೋಗಿದ್ದಾಗ ಅದನ್ನು ಜಗಲಿಯಲ್ಲಿ ಕೂತು ಗಟ್ಟಿಯಾಗಿ ಓದಿದರಂತೆ. ದೀಪದ ಜ್ಯೋತಿಗಳು, ಅಂದರೆ ಜೋತಮ್ಮಗಳು, ರಾತ್ರಿ ಒಂದೆಡೆ ಸೇರಿ ಮಾತಿಗಿಳಿಯುವ ಭಾಗ. ಅಕ್ಷರ ಗೊತ್ತಿಲ್ಲದ ಅವರ ತಾಯಿ ಬತ್ತ ಕೇರುತ್ತಿದ್ದವರು ಮೊರ ಕೆಳಗಿಟ್ಟು, ‘ಅವು ಮಾತಾಡ್ದೇ ಇದ್ದಾವಾ? ನಮ್ಮನೇಲೂ ಆಡ್ತಿದ್ವು’ ಅಂದರಂತೆ. ವಿಮರ್ಶಕರು ಇದಕ್ಕೆ ದೊಡ್ಡ ದೊಡ್ಡ ಹೆಸರು ಇಟ್ಟಿದ್ದಾರೆ. ಆ ತಾಯಿಗೆ ಅದರಲ್ಲಿ ವಿಶೇಷವೇ ಕಾಣಲಿಲ್ಲ. ಕಣ್ಣಲ್ಲಿ ಓದಿದ್ದು ಹಿಡಿಸದಿದ್ದರೆ ಒಮ್ಮೆ ಬಾಯಲ್ಲಿ ಓದಿ, ಆಮೇಲೆ ತೀರ್ಪು ಕೊಡಿ.

ತೇಜಸ್ವಿಯವರ ‘ಕರ್ವಾಲೊ’ 1980ರದು. ನನಗೆ ಗೊತ್ತಿದ್ದಂತೆ ಎಲ್ಲ ವಯಸ್ಸಿನವರೂ ಇಷ್ಟಪಡುವ ಪುಸ್ತಕ ಅದೊಂದೇ. ಆದರೆ ಯಾರೂ ಒಂದೇ ಪುಸ್ತಕವನ್ನು ಇಷ್ಟಪಡುತ್ತಿಲ್ಲ, ಅದು ತಮಾಷೆ. ಹುಡುಗರಿಗೆ ಕಾಡು, ಕಿವಿ ಎನ್ನುವ ನಾಯಿ, ಹಾರುವ ಓತಿ. ಅಷ್ಟು ಕಷ್ಟಪಟ್ಟು ಹೋಗಿ ಕೊನೆಗೂ ಅದನ್ನು ಹಿಡಿಯಲಾಗಲಿಲ್ಲವಲ್ಲ ಎನ್ನುವ ಸಂಕಟ. ಕಾಲೇಜಿನವರಿಗೆ ಮಂದಣ್ಣನ ಮದುವೆ ಪ್ರಕರಣ. ಇಲ್ಲಿ ಕಬ್ಬು ಬೆಳೆದು ಬಾಕಿ ಹಣಕ್ಕೆ ಅಲೆದ ರೈತರೊಬ್ಬರು ನನ್ನ ಹತ್ತಿರ ಮಾತಾಡಿದ್ದು ಮಾತ್ರ ಶುರುವಿನ ಪುಟಗಳ ಬಗ್ಗೆ. ವ್ಯವಸಾಯ ಸಾಕಾಗಿ ಬಿಟ್ಟುಹೋಗೋಣ ಎಂದು ನಿರೂಪಕನಿಗೆ ಅನ್ನಿಸುತ್ತದಲ್ಲ, ಆ ಜಾಗ. ‘ಓತಿಕ್ಯಾತ ಆಮೇಲೆ ಬತ್ತದೆ ಬುಡಿ, ನಂಗೆ ಅಲ್ಲೇ ಸಾಕಾಯ್ತು, ನಮ್ದೇ ಕತೆ’ ಎಂದರು.

ದಪ್ಪ ಪುಸ್ತಕಗಳ ಬಗ್ಗೆ ಬೇಗ ಹೇಳಿ ಮುಗಿಸುತ್ತೇನೆ. ‘ಮಲೆಗಳಲ್ಲಿ ಮದುಮಗಳು’ ಹಿಡಿದು ನಾಯಿಗುತ್ತಿಯ ಜೊತೆ ಹತ್ತು ಹೆಜ್ಜೆ ಹಾಕಿ ಬಿಟ್ಟವರು ನಿಮ್ಮಲ್ಲಿ ಬಹಳ ಜನ ಇದ್ದೀರಿ, ಕೈ ಎತ್ತುವುದು ಬೇಡ. 2010ರಲ್ಲಿ ಮೈಸೂರಿನ ರಂಗಾಯಣದಲ್ಲಿ ಅದನ್ನು ರಾತ್ರಿಯಿಡೀ ನಾಟಕ ಮಾಡಿದರು. ಕಂಬಳಿ ಹೊದ್ದು ಕೂತು, ಬೆಳಗಿನ ಜಾವ ಎದ್ದು ಮನೆಗೆ ಹೋದವರಲ್ಲಿ ಎಷ್ಟೋ ಜನ ಆಮೇಲೆ ಪುಸ್ತಕ ಓದಿದರು. ಅವರಿಗೆ ಅದು ದಪ್ಪ ಅನ್ನಿಸಲಿಲ್ಲ.

ನನಗೆ ಸಿಟ್ಟು ಬರುವುದು ಬೇರೆ ವಿಷಯಕ್ಕೆ. ಯಾವುದೇ ಕಾದಂಬರಿಯ ಹೆಸರು ಎತ್ತಿ, ಎದುರಿನವರು ಮೊದಲು ಕೇಳುವುದು ‘ಅವರು ಯಾವ ಕಡೆಯವರು?’ ಎಡವೋ ಬಲವೋ, ಯಾವ ಜಾತಿ, ಯಾರ ಶಿಷ್ಯ. ಭೈರಪ್ಪನವರ ಪುಸ್ತಕ ಬಂದಾಗಲೆಲ್ಲ ಇದನ್ನು ನೋಡಿದ್ದೇನೆ. ಹೊಗಳುವವರೂ ಓದಿರುವುದಿಲ್ಲ, ಬೈಯುವವರೂ ಓದಿರುವುದಿಲ್ಲ, ನಡುವೆ ಸುಮ್ಮನೆ ಓದುತ್ತಾ ಕೂತವನು ಬಾಯಿ ಬಿಟ್ಟರೆ ಇಬ್ಬರಿಂದಲೂ ಬೈಸಿಕೊಳ್ಳುತ್ತಾನೆ. ಲೇಖಕನ ರಾಜಕೀಯ ಕೇಳಬಾರದು ಎನ್ನುತ್ತಿಲ್ಲ. ಖಂಡಿತ ಕೇಳಿ. ಪುಸ್ತಕ ಮುಗಿಸಿ ಕೇಳಿ, ಯಾವ ಪುಟದಲ್ಲಿ ಆ ರಾಜಕೀಯ ಪಾತ್ರದ ಬಾಯಿ ಕಟ್ಟಿತು ಎಂದು ತೋರಿಸಿ ಕೇಳಿ.

ಇಷ್ಟು ಸಾಕು. ಕಾಫಿ ಬಂದಿದೆ ಎಂದು ಸನ್ನೆ ಮಾಡುತ್ತಿದ್ದಾರೆ. ಪ್ರಶ್ನೆಗಳಿದ್ದರೆ ಕೇಳಿ.

(ಪ್ರಶ್ನೋತ್ತರ)

ಮೊದಲ ಪ್ರಶ್ನೆ ಒಬ್ಬ ಪಿಯುಸಿ ವಿದ್ಯಾರ್ಥಿನಿಯದು: ‘ಪರೀಕ್ಷೆಯಲ್ಲಿ ನಮ್ಮದೇ ಅಭಿಪ್ರಾಯ ಬರೆದರೆ ಮಾರ್ಕ್ಸ್ ಕೊಡ್ತಾರಾ ಸರ್?’ ಸಭೆ ನಕ್ಕಿತು. ಮೊದಲು ಪಾಠದ ಯಾವ ಸಾಲಿನಿಂದ ಹಾಗನ್ನಿಸಿತು ಎಂದು ಬರಿಯಮ್ಮ, ಆಮೇಲೆ ಅಭಿಪ್ರಾಯ ಬರಿ, ಆಗ ಮಾರ್ಕ್ಸ್ ಕತ್ತರಿಸುವವರ ಕೈ ಸ್ವಲ್ಪ ಹಿಂಜರಿಯುತ್ತದೆ ಎಂದೆ.

ಒಬ್ಬ ತಾಯಿ ಎದ್ದರು. ಮಗಳಿಗೆ ಹದಿಮೂರು ವರ್ಷ, ಮೊಬೈಲಿನಲ್ಲಿ ಬರೀ ದೆವ್ವದ ಕತೆ ಓದುತ್ತಾಳೆ, ಒಳ್ಳೆಯದು ಓದಿಸುವುದು ಹೇಗೆ? ನಿಮ್ಮ ವಯಸ್ಸಿನವರು ‘ತುಳಸಿದಳ’ ಓದಿ ರಾತ್ರಿ ಹಿತ್ತಲಿಗೆ ಹೋಗಲು ಹೆದರಿದ್ದು ಮರೆತಿರಾ ಎಂದು ಕೇಳಿದೆ. ಅವರು ನಾಚಿ ನಕ್ಕರು. ಅವಳು ಓದಿದ್ದರಲ್ಲಿ ಒಂದನ್ನು ನೀವೂ ಓದಿ, ಯಾವ ದೆವ್ವ ಹೆಚ್ಚು ಹೆದರಿಸಿತು, ಯಾಕೆ, ಎಂದು ಅವಳ ಹತ್ತಿರ ಜಗಳವಾಡಿ. ದೆವ್ವದಲ್ಲೂ ಒಳ್ಳೇ ಬರವಣಿಗೆ, ಕೆಟ್ಟ ಬರವಣಿಗೆ ಇದೆ, ಅದು ಅವಳಿಗೆ ನಮಗಿಂತ ಬೇಗ ಗೊತ್ತಾಗುತ್ತದೆ ಎಂದೆ.

ಕೊನೆಗೆ ಹಿಂದಿನ ಸಾಲಿನಿಂದ ಬಿಳಿ ಪಂಚೆಯ ಹಿರಿಯರೊಬ್ಬರು ಮೈಕು ಕೈಗೆ ತೆಗೆದುಕೊಂಡರು. ‘ಮೇಷ್ಟ್ರೇ, ನಾನು ಭೈರಪ್ಪನೋರ ಪರ್ವ ಓದಿದ್ದು ಮೂವತ್ತನೇ ವಯಸ್ನಲ್ಲಿ. ಹಿಡಿಸ್ನಿಲ್ಲ. ಈಗ ಎಪ್ಪತ್ತೈದು ದಾಟದೆ. ಈಗ್ಲೂ ಹಿಡಿಸಾಕಿಲ್ಲ. ವಯಸ್ಸು ಬರ್ಕೊಂಡು ಏನ್ಮಾಡನ?’

‘ಮತ್ತೆ ಓದಿ ನೋಡಿದ್ರಾ ಸ್ವಾಮಿ?’

‘ಹಿಡಿಸ್ದೇ ಇದ್ದುದ್ನ ಇನ್ನೊಂದ್ಸಲ ಯಾಕೋದನ?’

ಎಲ್ಲರೂ ನಕ್ಕರು, ಅವರೂ ನಕ್ಕರು. ಹಾಗಾದರೆ ಎಲ್ಲಿ ಬಿಟ್ಟಿರಿ, ಅದಾದರೂ ನೆನಪಿದೆಯಾ ಎಂದೆ. ಪುಸ್ತಕ ಎದುರಿಗೇ ಇದ್ದ ಹಾಗೆ ಹೇಳಿದರು: ‘ಕುಂತಿ ಕೂತ್ಕಂಡು ಹಳೇದೆಲ್ಲ ನೆನೆಸ್ಕತಾಳಲ್ಲ, ಅಲ್ಲಿ. ನಮ್ಮವ್ವ ಹಂಗೇ ಕೂತ್ಕಂಡು ಹೇಳೋಳು. ಮುಂದಕ್ಕೆ ಓದಕ್ಕಾಗ್ನಿಲ್ಲ, ಮಡಚಿಟ್ಬುಟ್ಟೆ.’